ಕಲ್ಲಿನ ಗುಣ, ಕೈಯ ಹದ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನಲ್ಲಿ, ಫಲ್ಗುಣಿ ನದಿಯ ತೀರದಲ್ಲಿ, ಪೊಳಲಿ ಎಂಬ ಕ್ಷೇತ್ರವಿದೆ. ಶ್ರೀ ರಾಜರಾಜೇಶ್ವರಿಯ ದೇವಾಲಯದಿಂದಲೂ ವರ್ಷವರ್ಷವೂ ನಡೆಯುವ ಚೆಂಡಿನ ಉತ್ಸವದಿಂದಲೂ ಈ ಊರು ಹೆಸರುವಾಸಿಯಾಗಿದೆ. ಇಲ್ಲಿಯ ದೇವಿಯ ಭವ್ಯಮೂರ್ತಿಯು ಕಲ್ಲಿನದೂ ಅಲ್ಲ, ಲೋಹದ್ದೂ ಅಲ್ಲ. ಅದು ಮಣ್ಣಿನಿಂದ ರೂಪುಗೊಂಡದ್ದು. ದೇವಾಲಯದಿಂದ ಹೊರಬಂದು ಸುತ್ತಣ ಊರುಗಳಲ್ಲಿ ನಡೆದರೆ ಮನೆಯ ಗೋಡೆ, ಅಂಗಳದ ಪಾಗಾರ, ಬಾವಿಯ ಕಟ್ಟೆ ಇವೆಲ್ಲವೂ ಕೆಂಪು ಮುರಕಲ್ಲಿನಿಂದ ಕಟ್ಟಿದವುಗಳಾಗಿರುವುದು ಕಾಣುತ್ತದೆ. ಇನ್ನೂ ಮುಂದೆ ಮೂಡುಬಿದಿರೆಗೆ ಹೋದರೆ ಅಲ್ಲಿ 1430ರಲ್ಲಿ ಕಟ್ಟಲಾದ ಸಾವಿರ ಕಂಬದ ಬಸದಿಯಿದೆ. ಅದರ ಕಂಬಗಳು ಗಡುಸಾದ ಶಿಲೆಕಲ್ಲಿನವು. ಅದೇ ಊರಿನ ಗುರುಬಸದಿಯು ಬೆಲೆಬಾಳುವ ರತ್ನಶಿಲೆಗಳಲ್ಲಿ ಕಡೆದ ಪುಟ್ಟ ಜಿನಬಿಂಬಗಳಿಗಾಗಿ ಪ್ರಸಿದ್ಧವಾಗಿದೆ.

ಮಣ್ಣು, ಮುರಕಲ್ಲು, ಶಿಲೆಕಲ್ಲು, ರತ್ನ ಎಂಬ ಈ ನಾಲ್ಕೂ ಭೂಮಿಯ ಒಡಲಿನಿಂದಲೇ ಬಂದವು. ಆದರೂ ಒಂದನ್ನು ಕೈಯಿಂದ ಮಿದಿಯಬಹುದು, ಇನ್ನೊಂದನ್ನು ಕೊಡಲಿಯಿಂದ ಕಡಿಯಬಹುದು, ಮತ್ತೊಂದನ್ನು ಉಳಿಯಿಂದ ಕೆತ್ತಬೇಕು, ಕೊನೆಯದನ್ನು ಸಾಣೆಯಲ್ಲಿ ಉಜ್ಜಿ ಉಜ್ಜಿಯೇ ರೂಪಕ್ಕೆ ತರಬೇಕು. ಒಂದಕ್ಕೆ ತಕ್ಕ ಉಪಕರಣ ಇನ್ನೊಂದಕ್ಕೆ ಒಗ್ಗದು. ಕಲ್ಲನ್ನು ಕಡಿಯುವುದೆಂದರೆ ಕೇವಲ ತೋಳ್ಬಲದ ಕೆಲಸವೆಂದು ಹಲವರು ತಿಳಿದಿರುತ್ತಾರೆ. ವಾಸ್ತವವಾಗಿ ಅದು ಕಲ್ಲಿನ ಗುಣವನ್ನು ಅರಿಯುವ ವಿದ್ಯೆ. ಯಾವ ಕಲ್ಲು ಯಾವುದಕ್ಕೆ ಮಣಿಯುತ್ತದೆ, ಎಲ್ಲಿ ಸೀಳುತ್ತದೆ, ಯಾವಾಗ ಗಟ್ಟಿಯಾಗುತ್ತದೆ, ದುರ್ಬಲವಾದದ್ದನ್ನು ಹೇಗೆ ಬಲಪಡಿಸಬೇಕು ಎಂಬುದನ್ನು ತಿಳಿದವನೇ ಒಳ್ಳೆಯ ಕಲ್ಲುಕುಟಿಗ, ಒಳ್ಳೆಯ ಸಾಣೆಗಾರ.

ಕಲ್ಲಿನ ಗುಣಗಳಲ್ಲಿ ಮೊದಲನೆಯದು ಕಾಠಿನ್ಯ. ಒಂದು ವಸ್ತುವು ಇನ್ನೊಂದರ ಮೇಲೆ ಗೀರು ಎಳೆಯಬಲ್ಲುದಾದರೆ ಮೊದಲನೆಯದು ಎರಡನೆಯದಕ್ಕಿಂತ ಕಠಿನವಾದದ್ದು. ಈ ಸರಳ ಪರೀಕ್ಷೆಯನ್ನು ಆಧಾರವಾಗಿಟ್ಟುಕೊಂಡು ಜರ್ಮನಿಯ ಖನಿಜವಿಜ್ಞಾನಿ ಫ್ರೆಡ್ರಿಕ್ ಮೋಸ್ ಎಂಬಾತನು 1812ರಲ್ಲಿ ಒಂದರಿಂದ ಹತ್ತರವರೆಗಿನ ಒಂದು ಮಾನವನ್ನು ರಚಿಸಿದನು. ಉಗುರಿನಿಂದಲೇ ಗೀರಬಹುದಾದ, ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್ ಇದರಲ್ಲಿ ಮೊದಲನೆಯದು. ಸುಣ್ಣದ ಹರಳಾದ ಕ್ಯಾಲ್ಸೈಟ್ ಮೂರನೆಯದು. ಫೆಲ್ಡ್‌ಸ್ಪಾರ್ ಆರನೆಯದು, ಬೆಣಚುಕಲ್ಲು ಏಳನೆಯದು, ಪುಷ್ಯರಾಗ ಎಂಟನೆಯದು, ಕುರುಂದ ಒಂಬತ್ತನೆಯದು, ವಜ್ರ ಹತ್ತನೆಯದು. ಮನುಷ್ಯನ ಉಗುರಿನ ಕಾಠಿನ್ಯ ಎರಡಕ್ಕೂ ಮೂರಕ್ಕೂ ನಡುವೆ ಇರುತ್ತದೆ. ಸಾಮಾನ್ಯ ಚೂರಿಯ ಅಲಗಿನದು ಐದಕ್ಕೂ ಆರಕ್ಕೂ ನಡುವೆ. ಹೊಳೆಯ ದಂಡೆಯಲ್ಲಿ ಸಿಕ್ಕ ಬಿಳಿಯ ಕಲ್ಲೊಂದಕ್ಕೆ ಚೂರಿಯ ಮೊನೆಯಿಂದ ಗೀರಿದಾಗ ಗೀರು ಬೀಳದೆ, ಅಲಗಿನ ಕಬ್ಬಿಣವೇ ಕಪ್ಪು ಗೆರೆಯಾಗಿ ಕಲ್ಲಿಗೆ ಹತ್ತಿದರೆ ಅದು ಬಹುಮಟ್ಟಿಗೆ ಬೆಣಚುಕಲ್ಲೆಂದು ಊಹಿಸಬಹುದು.

ಇದರಿಂದ ಸಾಣೆಯ ಕೆಲಸದ ಮೂಲಸೂತ್ರವೊಂದು ಹೊರಡುತ್ತದೆ: ಕಠಿನವಾದದ್ದು ಮಾತ್ರ ತನಗಿಂತ ಮೆದುವಾದದ್ದನ್ನು ಸವೆಸಬಲ್ಲುದು. ಆದರೆ ಕಾಠಿನ್ಯ ಬೇರೆ, ಪೆಟ್ಟನ್ನು ತಾಳುವ ಶಕ್ತಿ ಬೇರೆ. ಗಾಜು ತಾಮ್ರಕ್ಕಿಂತ ಕಠಿನ. ಆದರೂ ಸುತ್ತಿಗೆಯ ಒಂದು ಪೆಟ್ಟಿಗೆ ಗಾಜು ಪುಡಿಯಾಗುತ್ತದೆ, ತಾಮ್ರ ಬರಿದೆ ತಗ್ಗುತ್ತದೆ. ವಜ್ರವೂ ತಕ್ಕ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ಆದುದರಿಂದ ಕಲ್ಲಿನ ಕೆಲಸದಲ್ಲಿ ಎರಡು ದಾರಿಗಳಿವೆ. ಪೆಟ್ಟಿಗೆ ಸೀಳುವ ಗುಣವನ್ನು ಬಳಸಿಕೊಂಡು ಒಡೆಯುವುದು ಒಂದು. ಹೆಚ್ಚು ಕಠಿನವಾದ ಪುಡಿಯಿಂದ ಉಜ್ಜಿ ಸವೆಸುವುದು ಇನ್ನೊಂದು. ದೊಡ್ಡ ಶಿಲ್ಪಿಗಳು ಮೊದಲನೆಯ ದಾರಿಯನ್ನು ಹೆಚ್ಚಾಗಿ ಹಿಡಿದರೆ ರತ್ನದ ಕೆಲಸಗಾರರು ಎರಡನೆಯದನ್ನೇ ನೆಚ್ಚಿಕೊಂಡಿದ್ದಾರೆ.

ಕರಾವಳಿಯ ಜನಜೀವನದೊಡನೆ ಬೆರೆತುಹೋದ ಮುರಕಲ್ಲಿನ ವಿಷಯವನ್ನು ಮೊದಲು ನೋಡಬಹುದು. ಇದಕ್ಕೆ ಕೆಂಪುಕಲ್ಲು ಎಂದೂ ಉತ್ತರ ಕನ್ನಡದ ಕಡೆ ಚಿರೆಕಲ್ಲು ಎಂದೂ ಹೆಸರುಂಟು. ನೆಲದೊಳಗೆ ಇರುವಾಗ ಇದು ತೇವದಿಂದ ಕೂಡಿದ್ದು ಮೆದುವಾಗಿರುತ್ತದೆ. ಕೋರೆಯ ನೆಲವನ್ನು ಸಮಮಾಡಿ, ಅಳತೆಗೆ ಗೆರೆ ಹಾಕಿ, ಪಿಕ್ಕಾಸಿನಿಂದ ಸುತ್ತಲೂ ಇಕ್ಕಟ್ಟಾದ ಕಂದಕ ತೆಗೆದು, ಬುಡವನ್ನು ಮೀಟಿ ಎಬ್ಬಿಸುತ್ತಾರೆ. ಆಮೇಲೆ ಅಗಲ ಬಾಯಿಯ ಕೊಡಲಿಯಿಂದ ಆರೂ ಮುಖಗಳನ್ನು ಸವರಿ ಚೌಕಗೊಳಿಸುತ್ತಾರೆ. ಮರವನ್ನು ಕೆತ್ತಿದಂತೆ ಕಲ್ಲನ್ನು ಕೆತ್ತುವ ಈ ದೃಶ್ಯ ಹೊರಗಿನವರಿಗೆ ಆಶ್ಚರ್ಯವನ್ನು ಉಂಟುಮಾಡುವುದು ಸಹಜ. ಈಚಿನ ದಶಕಗಳಲ್ಲಿ ಕೊಡಲಿಯ ಬದಲು ತಿರುಗುವ ಚಕ್ರದ ಯಂತ್ರಗಳು ಅನೇಕ ಕೋರೆಗಳಲ್ಲಿ ಬಂದಿವೆ. ಆದರೆ ಕೆಲಸದ ಕ್ರಮ ಬದಲಾಗಿಲ್ಲ.

ಹೀಗೆ ಕಡಿದ ಕಲ್ಲನ್ನು ಕೂಡಲೇ ಗೋಡೆಗೆ ಇಡುವುದಕ್ಕಿಂತ ಕೆಲವು ಕಾಲ ಗಾಳಿಬಿಸಿಲಿಗೆ ಬಿಡುವುದು ಲೇಸು. ತೇವ ಆರಿದಂತೆ ಅದು ತಾನಾಗಿ ಗಟ್ಟಿಯಾಗುತ್ತದೆ. ಈ ವಿಚಿತ್ರ ಗುಣವನ್ನು ಲೋಕದ ವಿಜ್ಞಾನಿಗಳ ಗಮನಕ್ಕೆ ತಂದವನು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್‌ಲೆಂಡಿನ ವೈದ್ಯ. ಆತನು 1800 ಮತ್ತು 1801ರಲ್ಲಿ ಮೈಸೂರು, ಮಲಬಾರ್, ಕೆನರಾ ಸೀಮೆಗಳಲ್ಲಿ ಸಂಚರಿಸಿದನು. ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳಗಳು ಅವನ ಮಾರ್ಗದಲ್ಲಿದ್ದ ಊರುಗಳು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅವನು ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲನ್ನು ವರ್ಣಿಸಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಲ್ಯಾಟರ್ ಎಂದರೆ ಇಟ್ಟಿಗೆ. ಕಡಿದು ಇಟ್ಟಿಗೆಯಂತೆ ಬಳಸುವ ಕಲ್ಲಿಗೆ ಇದು ತಕ್ಕ ಹೆಸರೇ ಆಗಿದೆ. ಕರಾವಳಿಯ ಕೆಲಸಗಾರರು ತಲೆತಲಾಂತರದಿಂದ ತಿಳಿದಿದ್ದ ಸಂಗತಿಯು ಹೀಗೆ ವಿಜ್ಞಾನದ ಪುಸ್ತಕವನ್ನು ಸೇರಿತು.

ಮುರಕಲ್ಲು ಗಟ್ಟಿಯಾಗುವುದಕ್ಕೆ ಕಾರಣ ಅದರಲ್ಲಿರುವ ಕಬ್ಬಿಣ. ಬಹುಕಾಲದ ಬಿರುಮಳೆಯು ಮೂಲಶಿಲೆಯಲ್ಲಿದ್ದ ಕರಗುವ ಅಂಶಗಳನ್ನು ತೊಳೆದೊಯ್ದಾಗ ಕಬ್ಬಿಣ ಮತ್ತು ಅಲ್ಯುಮಿನಿಯಮಿನ ಸಂಯುಕ್ತಗಳು ಉಳಿದುಕೊಳ್ಳುತ್ತವೆ. ನೆಲದೊಳಗೆ ಅವು ನೀರನ್ನು ಹೀರಿಕೊಂಡು ಮೆತ್ತಗಿರುತ್ತವೆ. ಗಾಳಿಗೆ ಒಡ್ಡಿದಾಗ ನೀರು ಹೋಗಿ, ಕಬ್ಬಿಣದ ಸಂಯುಕ್ತಗಳು ಹರಳುಗಟ್ಟಿ, ಕಣಗಳನ್ನು ಒಂದಕ್ಕೊಂದು ಬಿಗಿಯುತ್ತವೆ. ಒಮ್ಮೆ ಹೀಗೆ ಬಿಗಿದ ಮೇಲೆ ಮತ್ತೆ ನೀರಿನಲ್ಲಿ ನೆನಸಿದರೂ ಕಲ್ಲು ಮೊದಲಿನ ಮೆದುತನಕ್ಕೆ ಮರಳುವುದಿಲ್ಲ. ಆದರೆ ಎಲ್ಲ ಪದರಗಳೂ ಒಂದೇ ಬಗೆಯವಲ್ಲ. ಕೆಳಕ್ಕೆ ಅಗೆದಂತೆ ಕಬ್ಬಿಣದ ಅಂಶ ಕಡಿಮೆಯಾಗಿ ಕೊನೆಗೆ ಶೇಡಿಮಣ್ಣು ಸಿಗುತ್ತದೆ. ಅದು ಎಷ್ಟು ಒಣಗಿದರೂ ಕಲ್ಲಾಗದು. ಕೋರೆಯಲ್ಲಿ ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಅರಿತಿರುವುದು ಅನುಭವದ ಫಲ. ತೂತುತೂತಾದ ಗೋಡೆಗೆ ಹಿಂದಿನವರು ಸುಣ್ಣದ ಗಾರೆಯನ್ನು ಮೆತ್ತುತ್ತಿದ್ದರು. ಕಲ್ಲಿನ ರಂಧ್ರಗಳನ್ನು ಮುಚ್ಚಿ ಮಳೆಯಿಂದ ಕಾಪಾಡುವ ಆ ಉಪಾಯವೂ ಕಲ್ಲನ್ನು ಬಲಪಡಿಸುವ ವಿದ್ಯೆಯ ಒಂದು ಭಾಗವೇ.

ಕಡಿಯುವಾಗ ಮೆದುವಾಗಿದ್ದು ಬಳಿಕ ಗಟ್ಟಿಯಾಗುವ ಗುಣವನ್ನು ಘಟ್ಟದ ಮೇಲಿನ ಶಿಲ್ಪಿಗಳೂ ಬಳಸಿಕೊಂಡರು. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯವು ಬಳಪದ ಕಲ್ಲಿನಿಂದ ನಿರ್ಮಿತವಾದದ್ದು. ಮೆದುವಾದ ಕಲ್ಲು ದೊರೆತುದರಿಂದಲೇ ಮದನಿಕೆಯರ ಒಡವೆಗಳ ಒಂದೊಂದು ಎಳೆಯನ್ನೂ ಬಿಡಿಸಿ ಕೆತ್ತುವುದು ಸಾಧ್ಯವಾಯಿತು. ಕರಾವಳಿಯ ಶಿಲೆಕಲ್ಲಿನಲ್ಲಿ ಅಂತಹ ಸೂಕ್ಷ್ಮತೆಯನ್ನು ತರುವುದು ಬಲು ಕಷ್ಟ. ಶಿಲ್ಪದ ಶೈಲಿಯನ್ನು ಶಿಲ್ಪಿಯ ಪ್ರತಿಭೆಯಷ್ಟೇ ಅಲ್ಲದೆ ಕಲ್ಲಿನ ಗುಣವೂ ನಿರ್ಧರಿಸುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಶಿಲೆಕಲ್ಲು ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕಗಳ ಹರಳುಗಳು ಒಂದರೊಳಗೊಂದು ಹೆಣೆದುಕೊಂಡು ಆದದ್ದು. ಇದನ್ನು ಕೊಡಲಿಯಿಂದ ಕಡಿಯಲಾಗದು. ಬಂಡೆಯ ಮೇಲೆ ಒಂದೇ ಗೆರೆಯಲ್ಲಿ ಸಾಲಾಗಿ ಕುಳಿಗಳನ್ನು ಕೊರೆದು, ಪ್ರತಿಯೊಂದರಲ್ಲೂ ಉಕ್ಕಿನ ಬೆಣೆಯನ್ನಿಟ್ಟು, ಮೊದಲಿನಿಂದ ಕೊನೆಯವರೆಗೆ ಒಂದಾದ ಮೇಲೊಂದರಂತೆ ಹದವಾಗಿ ಬಡಿಯುತ್ತ ಹೋಗುತ್ತಾರೆ. ಒಂದೇ ಬೆಣೆಗೆ ಜೋರಾಗಿ ಹೊಡೆದರೆ ಕಲ್ಲು ಅಡ್ಡಾದಿಡ್ಡಿಯಾಗಿ ಒಡೆಯುತ್ತದೆ. ಎಲ್ಲ ಬೆಣೆಗಳಿಗೂ ಸಮನಾದ ಒತ್ತಡ ಬಿದ್ದರೆ ಕೊನೆಗೆ ಗೆರೆಯ ಉದ್ದಕ್ಕೂ ಬಂಡೆ ತಾನಾಗಿ ಸೀಳುತ್ತದೆ. ಕುಟಿಗನು ಬೆಣೆ ಇಡುವುದಕ್ಕೆ ಮೊದಲು ಬಂಡೆಯನ್ನು ತಟ್ಟಿ ಕಿವಿಗೊಡುತ್ತಾನೆ. ಗಂಟೆಯಂತೆ ನಾದ ಬಂದರೆ ಕಲ್ಲು ನಿರ್ದೋಷವಾದದ್ದು. ಒಡಕು ಧ್ವನಿ ಬಂದರೆ ಒಳಗೆಲ್ಲೋ ಬಿರುಕಿದೆಯೆಂದು ಅರ್ಥ. ನಾದದ ಆಧಾರದ ಮೇಲೆಯೇ ಶಿಲ್ಪಶಾಸ್ತ್ರಗಳು ಶಿಲೆಗಳನ್ನು ಪುರುಷಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಂಗಡಿಸಿವೆ.

ಈ ವಿದ್ಯೆಯ ಹಿರಿಯ ಸಾಧನೆಗಳು ಪೊಳಲಿಯ ಆಸುಪಾಸಿನಲ್ಲಿಯೇ ಇವೆ. ಕಾರ್ಕಳದ ಗೊಮ್ಮಟಮೂರ್ತಿ 1432ರಲ್ಲಿ ನಿಂತಿತು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಫಲ್ಗುಣಿಯ ದಡದಲ್ಲಿಯೇ 1604ರಲ್ಲಿ ಅಜಿಲ ಅರಸನು ಇನ್ನೊಂದು ಗೊಮ್ಮಟನನ್ನು ನಿಲ್ಲಿಸಿದನು. ಈ ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. ಕಾರ್ಕಳದ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರ ನೇತೃತ್ವದಲ್ಲಿ ಕಾರ್ಕಳದಲ್ಲಿಯೇ ಕಡೆದ 39 ಅಡಿ ಎತ್ತರದ ಏಕಶಿಲೆಯ ಬಾಹುಬಲಿಯನ್ನು 1973ರಲ್ಲಿ ವಿಶೇಷ ವಾಹನದ ಮೇಲೆ ಧರ್ಮಸ್ಥಳಕ್ಕೆ ಸಾಗಿಸಲಾಯಿತು. 1982ರಲ್ಲಿ ಅದರ ಪ್ರತಿಷ್ಠಾಪನೆ ನೆರವೇರಿತು. ಉಳಿ, ಚಾಣ, ಸುತ್ತಿಗೆಗಳೇ ಇಂತಹ ಕೆಲಸದ ಮುಖ್ಯ ಸಾಧನಗಳು. ಮೊದಲು ದಪ್ಪ ಮೊನೆಯ ಉಳಿಯಿಂದ ಬೇಡವಾದ ಭಾಗವನ್ನು ಉದುರಿಸುತ್ತಾರೆ. ಅನಂತರ ಸಣ್ಣ ಚಾಣದಿಂದ ಅಂಗಾಂಗಗಳನ್ನು ಬಿಡಿಸುತ್ತಾರೆ. ಕೊನೆಗೆ ಕುರುಂದದ ಕಲ್ಲಿನಿಂದಲೂ ನೀರಿನಿಂದಲೂ ಉಜ್ಜಿ ನಯಗೊಳಿಸುತ್ತಾರೆ. ಉಳಿಯ ಮೊನೆ ಬೇಗ ಮೊಂಡಾಗುವುದರಿಂದ ಅದನ್ನು ಮತ್ತೆ ಮತ್ತೆ ಕಾಯಿಸಿ, ಬಡಿದು, ನೀರಿನಲ್ಲಿ ಅದ್ದಿ ಹದಗೊಳಿಸಬೇಕಾಗುತ್ತದೆ. ಹದ ಹೆಚ್ಚಾದರೆ ಮೊನೆ ಮುರಿಯುತ್ತದೆ, ಕಡಿಮೆಯಾದರೆ ಬಾಗುತ್ತದೆ. ಕಲ್ಲುಕುಟಿಗನ ಕೆಲಸದ ಹಿಂದೆ ಕಮ್ಮಾರನ ಕುಲುಮೆಯೂ ಇದೆಯೆಂಬುದನ್ನು ಮರೆಯಲಾಗದು.

ಇನ್ನು ರತ್ನಶಿಲೆಗಳ ವಿಷಯ. ಇಲ್ಲಿ ಉಳಿಯ ಪೆಟ್ಟು ನಡೆಯದು. ಕೈಹಿಡಿಯಷ್ಟು ಸಣ್ಣ ಕಲ್ಲು ಪೆಟ್ಟು ತಾಳದೆ ಚೂರಾಗುತ್ತದೆ. ಆದುದರಿಂದ ಉಜ್ಜಿ ಸವೆಸುವ ಸಾಣೆಯೇ ಗತಿ. ಭಾರತದ ಸಾಣೆಗಾರರು ಹಿಂದಿನಿಂದಲೂ ಕುರುಂದದ ಪುಡಿಯನ್ನು ಅರಗಿನೊಡನೆ ಬೆರೆಸಿ ಚಕ್ರವನ್ನು ಎರಕಹೊಯ್ದು, ಅದರ ಅಚ್ಚಿಗೆ ಬಿಲ್ಲಿನ ಹೆದೆಯನ್ನು ಸುತ್ತಿ, ಒಂದು ಕೈಯಿಂದ ಬಿಲ್ಲನ್ನು ಎಳೆಯುತ್ತ ಇನ್ನೊಂದು ಕೈಯಿಂದ ಕಲ್ಲನ್ನು ಚಕ್ರಕ್ಕೆ ಒತ್ತುತ್ತಿದ್ದರು. ಕುರುಂದವು ಬೆಣಚಿಗಿಂತ ಕಠಿನ. ಮಾಣಿಕ್ಯ ಮತ್ತು ನೀಲಮಣಿಗಳು ಕುರುಂದದ ರತ್ನರೂಪಗಳೇ. ಹಳೆಯ ಮೈಸೂರು ಪ್ರಾಂತದ ಹಲವೆಡೆ ಈ ಖನಿಜ ದೊರೆಯುತ್ತದೆ. ಇಂಗ್ಲಿಷರು ಬಳಸುವ ಕೊರಂಡಮ್ ಎಂಬ ಪದವೂ ದಕ್ಷಿಣ ಭಾರತದ ಕುರುಂದವೆಂಬ ಮಾತಿನಿಂದಲೇ ಹುಟ್ಟಿತು. 1891ರಲ್ಲಿ ಅಮೆರಿಕದ ಎಡ್ವರ್ಡ್ ಆಚಿಸನ್ ಎಂಬಾತನು ವಿದ್ಯುತ್ ಕುಲುಮೆಯಲ್ಲಿ ಸಿಲಿಕನ್ ಕಾರ್ಬೈಡ್ ಎಂಬ ಕೃತಕ ವಸ್ತುವನ್ನು ತಯಾರಿಸಿದ ಮೇಲೆ ಅದು ಕುರುಂದದ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿಕೊಂಡಿತು. ಅಂಗಡಿಗಳಲ್ಲಿ ಕಾರ್ಬೊರಂಡಮ್ ಎಂದು ದೊರೆಯುವ ಸಾಣೆಕಲ್ಲು ಇದೇ.

ಭಾರತದಲ್ಲಿ ಈ ಕಲೆಯ ಪ್ರಾಚೀನತೆ ಬೆರಗುಗೊಳಿಸುವಂಥದು. ನಾಲ್ಕು ಸಾವಿರ ವರ್ಷಗಳಿಗಿಂತಲೂ ಹಿಂದೆ ಸಿಂಧೂ ನಾಗರಿಕತೆಯ ಜನರು ಕೆಂಪು ಅಕೀಕುಕಲ್ಲಿನ ಉದ್ದವಾದ ಮಣಿಗಳನ್ನು ಮಾಡಿ, ಅವುಗಳ ನಡುವೆ ಈ ತುದಿಯಿಂದ ಆ ತುದಿಗೆ ಸೂಕ್ಷ್ಮವಾದ ರಂಧ್ರವನ್ನು ಕೊರೆಯುತ್ತಿದ್ದರು. ಲೋಥಲ್, ಧೋಲಾವೀರಗಳ ಉತ್ಖನನದಲ್ಲಿ ಮಣಿ ಮಾಡುವವರ ಕೆಲಸದ ಕುರುಹುಗಳು ದೊರೆತಿವೆ. ಬಣ್ಣ ಕೆಂಪೇರಲೆಂದು ಅವರು ಕಲ್ಲನ್ನು ಹದವಾದ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಕಲ್ಲಿನಲ್ಲಿರುವ ಕಬ್ಬಿಣದ ಅಂಶವು ಶಾಖದಿಂದ ಕೆಂಪಾಗುತ್ತದೆ. ಗುಜರಾತಿನ ಖಂಭಾತದಲ್ಲಿ ಅಕೀಕಿನ ಕೆಲಸ ಇಂದಿಗೂ ಮುಂದುವರಿದಿದೆ.

ದೊಡ್ಡ ಕಾರ್ಖಾನೆಯಿಲ್ಲದೆ ಮನೆಯಲ್ಲಿಯೇ ಕಲ್ಲನ್ನು ಕಡಿದು ಹೊಳಪು ಕೊಡುವ ಹವ್ಯಾಸವು ಲೋಕದ ಹಲವು ದೇಶಗಳಲ್ಲಿ ಬೆಳೆದಿದೆ. ಅದರ ಕ್ರಮ ಹೀಗಿರುತ್ತದೆ. ಮೊದಲು ಬಿರುಕಿಲ್ಲದ, ರಂಧ್ರವಿಲ್ಲದ ಕಲ್ಲನ್ನು ಆರಿಸಬೇಕು. ಅಂಚಿನಲ್ಲಿ ವಜ್ರದ ಕಣಗಳನ್ನು ಕೂಡಿಸಿದ ತೆಳು ಚಕ್ರದಿಂದ ಅದನ್ನು ಹೋಳುಮಾಡಬೇಕು. ಈ ಚಕ್ರವು ಹಲ್ಲಿರುವ ಗರಗಸದಂತೆ ಕತ್ತರಿಸುವುದಿಲ್ಲ, ವಜ್ರದ ಕಣಗಳಿಂದ ಉಜ್ಜುತ್ತ ಒಳಸೇರುತ್ತದೆ. ಆದುದರಿಂದ ಅವಸರದಿಂದ ಒತ್ತಬಾರದು. ಚಕ್ರದ ಮೇಲೆ ಸದಾ ನೀರು ಹರಿಯುತ್ತಿರಬೇಕು. ಹೋಳಿನ ಮೇಲೆ ಬೇಕಾದ ಆಕಾರವನ್ನು ಅಲ್ಯುಮಿನಿಯಮ್ ತಂತಿಯ ಮೊನೆಯಿಂದ ಬರೆಯುತ್ತಾರೆ. ಸೀಸದ ಕಡ್ಡಿಯ ಗೆರೆ ನೀರಿಗೆ ಅಳಿಸಿಹೋಗುತ್ತದೆ, ಇದು ಅಳಿಸುವುದಿಲ್ಲ. ಗೆರೆಯ ಹೊರಗಿನ ಭಾಗವನ್ನು ತೆಗೆದ ಮೇಲೆ ಕಲ್ಲನ್ನು ಅರಗು ಅಥವಾ ಮೇಣದಿಂದ ಸಣ್ಣ ಕೋಲಿನ ತುದಿಗೆ ಅಂಟಿಸಿದರೆ ಹಿಡಿಯಲು ಅನುಕೂಲವಾಗುತ್ತದೆ.

ಅನಂತರ ಸಾಣೆಯ ಕೆಲಸ. ಪುಡಿಯ ಕಣಗಳ ಗಾತ್ರವನ್ನು ಅಂಕಗಳಿಂದ ಗುರುತಿಸುತ್ತಾರೆ. ಅಂಕ ಹೆಚ್ಚಿದಂತೆ ಕಣ ಸಣ್ಣದಾಗುತ್ತದೆ. ಮೊದಲು 80ರ ಒರಟು ಚಕ್ರದಲ್ಲಿ ಆಕಾರ ಕೊಟ್ಟು, ಮುಂದೆ 220, 600, 1200 ಎಂಬಂತೆ ನಯವಾದ ಪುಡಿಗಳಿಗೆ ಸಾಗಬೇಕು. ಒಂದೊಂದು ಹಂತದ ಕೆಲಸವೂ ಹಿಂದಿನ ಹಂತದ ಗೀರುಗಳನ್ನು ಅಳಿಸುವುದೇ ಆಗಿದೆ. ಒಂದು ಹಂತವನ್ನು ಬಿಟ್ಟು ಮುಂದಕ್ಕೆ ಹಾರಿದರೆ ಹಳೆಯ ಗೀರು ಕೊನೆಯವರೆಗೂ ಉಳಿಯುತ್ತದೆ. ಒದ್ದೆಯಾದ ಕಲ್ಲು ಯಾವಾಗಲೂ ನಯವಾಗಿಯೇ ಕಾಣುತ್ತದೆ. ಆದುದರಿಂದ ಪ್ರತಿ ಹಂತದ ಕೊನೆಗೂ ಕಲ್ಲನ್ನು ಒರಸಿ ಒಣಗಿಸಿ ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ಹಂತ ಬದಲಿಸುವಾಗ ಕೈಯನ್ನೂ ಕಲ್ಲನ್ನೂ ಚೆನ್ನಾಗಿ ತೊಳೆಯಬೇಕು. ಒರಟು ಪುಡಿಯ ಒಂದೇ ಕಣ ಉಳಿದುಕೊಂಡರೂ ಅಷ್ಟು ಹೊತ್ತಿನ ಶ್ರಮ ವ್ಯರ್ಥವಾಗುತ್ತದೆ. ಕೊನೆಯಲ್ಲಿ ಚರ್ಮ ಅಥವಾ ಉಣ್ಣೆಯ ದಪ್ಪ ಬಟ್ಟೆಯ ಮೇಲೆ ಸೀರಿಯಮ್ ಆಕ್ಸೈಡಿನಂತಹ ಅತಿ ನಯವಾದ ಪುಡಿಯನ್ನು ನೀರಿನಲ್ಲಿ ಕಲಸಿ ಹಚ್ಚಿ ಉಜ್ಜಿದರೆ ಕಲ್ಲಿನ ಒಳಗಿನಿಂದಲೇ ಬಂದಂತೆ ಹೊಳಪು ಮೂಡುತ್ತದೆ.

ಯಂತ್ರವಿಲ್ಲದೆಯೂ ಈ ತತ್ತ್ವವನ್ನು ಪರೀಕ್ಷಿಸಬಹುದು. ಬಳಪದ ಕಲ್ಲಿನ ಒಂದು ತುಂಡನ್ನು ನೀರಿನ ಬಟ್ಟಲಿನಲ್ಲಿ ಅದ್ದುತ್ತ, ನೀರಿಗೆ ಕೆಡದ ಉಜ್ಜುಕಾಗದಗಳಿಂದ ಒರಟಿನಿಂದ ನಯದ ಕ್ರಮದಲ್ಲಿ ಉಜ್ಜಿದರೆ ಸಾಕು. ಅಡುಗೆಮನೆಯ ಕಡೆಯುವ ಕಲ್ಲು ಹಲವು ವರ್ಷ ಬಳಸಿದ ಮೇಲೆ ನುಣುಪಾಗಿ, ಅಕ್ಕಿ ನುರಿಯದೆ, ಉಳಿಯಿಂದ ಮತ್ತೆ ಒರಟುಮಾಡಿಸಬೇಕಾಗಿ ಬರುವುದೂ ಇದೇ ತತ್ತ್ವದಿಂದ. ನದಿಯೂ ಒಂದು ದೊಡ್ಡ ಸಾಣೆಯೇ. ಘಟ್ಟದಿಂದ ಉರುಳಿಬಂದ ಚೂಪು ಕಲ್ಲುಗಳು ಮರಳಿನೊಡನೆ, ಒಂದರೊಡನೊಂದು ತಿಕ್ಕಾಡಿ ದುಂಡಗಾಗುತ್ತವೆ. ಕಲ್ಲು, ಪುಡಿ, ನೀರುಗಳನ್ನು ಮುಚ್ಚಿದ ಪೀಪಾಯಿಯಲ್ಲಿ ಹಾಕಿ ವಾರಗಟ್ಟಲೆ ಉರುಳಿಸುವ ಯಂತ್ರವು ನದಿಯ ಈ ಕೆಲಸವನ್ನೇ ಅನುಕರಿಸುತ್ತದೆ. ನದಿಗೆ ಬಹುಕಾಲ ಬೇಕಾದದ್ದು ಪೀಪಾಯಿಯಲ್ಲಿ ನಾಲ್ಕೈದು ವಾರಗಳಲ್ಲಿ ಮುಗಿಯುತ್ತದೆ.

ಎಲ್ಲ ಕಲ್ಲುಗಳೂ ಸಾಣೆಯನ್ನು ತಾಳುವುದಿಲ್ಲ. ಫಿರೋಜಾ ಮೊದಲಾದ ಕೆಲವು ಕಲ್ಲುಗಳು ಬಣ್ಣದಲ್ಲಿ ಸುಂದರವಾಗಿದ್ದರೂ ಸೂಕ್ಷ್ಮ ರಂಧ್ರಗಳಿಂದ ತುಂಬಿ ಪುಡಿಪುಡಿಯಾಗುತ್ತವೆ. ಇಂತಹವನ್ನು ಕಡಿಯುವ ಮೊದಲು ಬಲಪಡಿಸಬೇಕಾಗುತ್ತದೆ. ಕಲ್ಲನ್ನು ಮೆಲ್ಲನೆ ಕಾಯಿಸಿ ತೇವವನ್ನು ಪೂರ್ತಿಯಾಗಿ ತೆಗೆಯುವುದು ಮೊದಲ ಹೆಜ್ಜೆ. ಬಳಿಕ ಅದನ್ನು ತೆಳುವಾದ ಕೃತಕ ರಾಳದಲ್ಲಿ ಮುಳುಗಿಸಿ ಪಾತ್ರೆಯೊಳಗಿನ ಗಾಳಿಯನ್ನು ಹೊರಗೆಳೆಯುತ್ತಾರೆ. ರಂಧ್ರಗಳಲ್ಲಿದ್ದ ಗಾಳಿ ಗುಳ್ಳೆಗಳಾಗಿ ಹೊರಬಂದು ಅದರ ಜಾಗವನ್ನು ರಾಳ ಸೇರುತ್ತದೆ. ರಾಳ ಗಟ್ಟಿಯಾದಾಗ ಸಡಿಲವಾದ ಕಣಗಳೆಲ್ಲ ಒಂದಾಗಿ ಬೆಸೆದುಕೊಂಡು ಕಲ್ಲು ಸಾಣೆಗೆ ಅರ್ಹವಾಗುತ್ತದೆ. ಈ ರಾಳಗಳು ಚರ್ಮಕ್ಕೂ ಉಸಿರಿಗೂ ಹಿತವಲ್ಲವಾದ್ದರಿಂದ ಕೈಚೀಲ ತೊಟ್ಟು, ಗಾಳಿಯಾಡುವ ಸ್ಥಳದಲ್ಲಿ, ತಿಳಿದವರ ಸಮಕ್ಷಮದಲ್ಲಿಯೇ ಇದನ್ನು ಮಾಡಬೇಕು. ಹೀಗೆ ಬಲಪಡಿಸಿದ ಕಲ್ಲನ್ನು ಮಾರುವವನು ಆ ಸಂಗತಿಯನ್ನು ಕೊಳ್ಳುವವನಿಗೆ ತಿಳಿಸುವುದು ವ್ಯಾಪಾರದ ಧರ್ಮ.

ರಂಧ್ರಕ್ಕೆ ಅಂಟನ್ನು ತುಂಬಿ ಬಲಹೀನವಾದದ್ದನ್ನು ಉಳಿಸಿಕೊಳ್ಳುವ ಈ ಯೋಚನೆ ಹೊಸದೇನೂ ಅಲ್ಲ. ಅದರ ಹಳೆಯ ರೂಪವೊಂದನ್ನು ಪೊಳಲಿಯಲ್ಲಿಯೇ ಕಾಣಬಹುದು. ಮಣ್ಣಿನ ಮೂರ್ತಿಗೆ ಕಾಲವೂ ತೇವವೂ ಶತ್ರುಗಳು. ಕರಾವಳಿಯ ಮಳೆಗಾಲದ ಗಾಳಿಯೇ ಅದನ್ನು ಸಡಿಲಿಸಲು ಸಾಕು. ಆದುದರಿಂದ ಸುಮಾರು ಹನ್ನೆರಡು ವರ್ಷಗಳಿಗೊಮ್ಮೆ, ಬ್ರಹ್ಮಕಲಶೋತ್ಸವದ ಸಂದರ್ಭದಲ್ಲಿ, ಎಂಟು ಬಗೆಯ ದ್ರವ್ಯಗಳನ್ನು ಪ್ರಮಾಣಬದ್ಧವಾಗಿ ಕೂಡಿಸಿ ಮಾಡಿದ ಲೇಪಾಷ್ಟಗಂಧವನ್ನು ಮೂರ್ತಿಗೆ ಲೇಪಿಸುವುದು ಅಲ್ಲಿಯ ಸಂಪ್ರದಾಯ. ಪರಂಪರೆಯಿಂದ ಈ ಕೆಲಸ ಬಲ್ಲವರೇ ಅದನ್ನು ನೆರವೇರಿಸುತ್ತಾರೆ. ಶಿಲಾಮೂರ್ತಿಯನ್ನು ಪೀಠದಲ್ಲಿ ನೆಲೆಗೊಳಿಸುವಾಗ ಬಳಸುವ ಅಷ್ಟಬಂಧವೂ ಇಂಥದೇ ಇನ್ನೊಂದು ಪಾಕ. ಅರಗು, ರಾಳ, ಜೇನುಮೇಣ ಮೊದಲಾದವನ್ನು ಕುಟ್ಟಿ ಹದಮಾಡಿದ ಆ ಅಂಟು ಮೂರ್ತಿಗೂ ಪೀಠಕ್ಕೂ ನಡುವಿನ ಸಂದನ್ನು ತುಂಬಿ ನೀರು ಇಳಿಯದಂತೆ ತಡೆಯುತ್ತದೆ. ಪ್ರಯೋಗಶಾಲೆಯ ರಾಳಕ್ಕೂ ಈ ಪಾಕಗಳಿಗೂ ದ್ರವ್ಯದಲ್ಲಿ ಭೇದವುಂಟು. ಸಡಿಲವಾಗುವುದನ್ನು ಹಿಡಿದಿಡುವ ಉದ್ದೇಶ ಒಂದೇ. ಕಲ್ಲಿಗಿಂತ ಎಷ್ಟೋ ದುರ್ಬಲವಾದ ಮಣ್ಣು ತಲೆಮಾರುಗಳನ್ನು ದಾಟಿ ಬಂದಿರುವುದು ಗಟ್ಟಿತನದಿಂದಲ್ಲ, ಮನುಷ್ಯರು ಕಾಲಕಾಲಕ್ಕೆ ತೋರಿದ ಎಚ್ಚರದಿಂದ.

ಆದರೆ ಕಲ್ಲನ್ನು ಉಳಿಸಲು ತೋರಿದ ಎಚ್ಚರವನ್ನು ಮನುಷ್ಯನು ತನ್ನನ್ನು ಉಳಿಸಿಕೊಳ್ಳಲು ಯಾವಾಗಲೂ ತೋರಿಲ್ಲ. ಬೆಣಚು ಇರುವ ಯಾವ ಕಲ್ಲನ್ನು ಒಣಗಿದ್ದಂತೆಯೇ ಕಡಿದರೂ ಉಜ್ಜಿದರೂ ಅದರಿಂದ ಸಿಲಿಕದ ಧೂಳು ಏಳುತ್ತದೆ. ಕಣ್ಣಿಗೆ ಕಾಣುವ ದೊಡ್ಡ ಕಣಗಳು ಮೂಗಿನಲ್ಲಿಯೇ ತಡೆಯಲ್ಪಡುತ್ತವೆ. ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತಲೂ ಸಣ್ಣದಾದ, ಕಣ್ಣಿಗೆ ಕಾಣದ ಕಣಗಳೇ ಅಪಾಯಕಾರಿ. ಅವು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ನಿಲ್ಲುತ್ತವೆ. ದೇಹವು ಅವುಗಳನ್ನು ಕರಗಿಸಲಾರದೆ ಸುತ್ತಲೂ ಗಾಯದ ಕಲೆಯಂತಹ ಗಟ್ಟಿ ಅಂಗಾಂಶವನ್ನು ಬೆಳೆಸುತ್ತದೆ. ವರ್ಷಗಳು ಕಳೆದಂತೆ ಮೆತ್ತಗಿರಬೇಕಾದ ಶ್ವಾಸಕೋಶವು ಗಡುಸಾಗಿ ಉಸಿರಾಟವೇ ದುಸ್ತರವಾಗುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಇದನ್ನು ಪೂರ್ಣವಾಗಿ ಗುಣಪಡಿಸುವ ಔಷಧ ಇಲ್ಲ. ಈ ರೋಗವುಳ್ಳವರಿಗೆ ಕ್ಷಯವೂ ಸುಲಭವಾಗಿ ಅಂಟಿಕೊಳ್ಳುತ್ತದೆ.

ಖಂಭಾತದಲ್ಲಿ ಮನೆಮನೆಗಳಲ್ಲಿ ಅಕೀಕನ್ನು ಉಜ್ಜುವ ಕೆಲಸಗಾರರಲ್ಲಿ ಈ ರೋಗ ಹರಡಿರುವುದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ಕೆಲಸವು ಮನೆಯೊಳಗೇ ನಡೆಯುವುದರಿಂದ ಅದೇ ಗಾಳಿಯನ್ನು ಉಸಿರಾಡುವ ಮನೆಯವರೂ ಅಪಾಯದಿಂದ ಹೊರತಲ್ಲ. ಸಿಲಿಕದ ಧೂಳು ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಅಂಗವು 1997ರಲ್ಲಿ ನಿರ್ಣಯಿಸಿತು. ಕಲ್ಲಿನ ಸುಂದರ ಮಣಿಯೊಂದನ್ನು ಕಂಡು ಮೆಚ್ಚುವಾಗ ಅದಕ್ಕೆ ಹೊಳಪು ಕೊಟ್ಟವನ ಉಸಿರು ಏನಾಯಿತು ಎಂಬ ಪ್ರಶ್ನೆಯೂ ಮನಸ್ಸಿಗೆ ಬರಬೇಕು.

ಈ ಆಪತ್ತಿಗೆ ಮುಖ್ಯವಾದ ಪರಿಹಾರ ಅತ್ಯಂತ ಸರಳವಾದದ್ದು, ಅದು ನೀರು. ಒದ್ದೆಯಾದ ಕಲ್ಲಿನ ಪುಡಿ ಗಾಳಿಗೆ ಏರದೆ ಕೆಸರಾಗಿ ಕೆಳಗೆ ಬೀಳುತ್ತದೆ. ಸಾಣೆಯ ಚಕ್ರಕ್ಕೆ ಹನಿಸುವ ನೀರು ಕಲ್ಲನ್ನೂ ಚಕ್ರವನ್ನೂ ತಂಪಾಗಿಡುವುದರ ಜೊತೆಗೆ ಕೆಲಸಗಾರನ ಜೀವವನ್ನೂ ಕಾಯುತ್ತದೆ. ಕೆಸರನ್ನು ಒಣಗಲು ಬಿಡದೆ ತೊಳೆದು ತೆಗೆಯಬೇಕು. ಒಣಗಿದ ಪುಡಿಯನ್ನು ಪೊರಕೆಯಿಂದ ಗುಡಿಸಬಾರದು. ಮುಖಕ್ಕೆ ಸುತ್ತಿದ ಕರವಸ್ತ್ರವು ಸೂಕ್ಷ್ಮ ಕಣಗಳನ್ನು ತಡೆಯಲಾರದು. ಅದಕ್ಕೆಂದೇ ಮಾಡಿದ ಮುಖವಾಡ ಬೇಕು. ಕಣ್ಣಿಗೆ ಕನ್ನಡಕ ಅಗತ್ಯ. ಕೆಲಸದ ಬಟ್ಟೆಯನ್ನು ಉಟ್ಟೇ ಮನೆಯೊಳಗೆ ಬರಬಾರದು. ಕೆತ್ತನೆಯ ಸ್ಥಳವು ಮನೆಯಿಂದ ದೂರದಲ್ಲಿ, ಗಾಳಿ ಹೊರಹೋಗುವ ದಿಕ್ಕಿನಲ್ಲಿದ್ದರೆ ಒಳ್ಳೆಯದು. ಕಡಿದು ಬಿಟ್ಟ ಕೋರೆಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಬೇಲಿಯಿಲ್ಲದ ಮುರಕಲ್ಲಿನ ಹೊಂಡಗಳು ಮಳೆಗಾಲದಲ್ಲಿ ನೀರು ತುಂಬಿ ಮಕ್ಕಳಿಗೂ ದನಗಳಿಗೂ ಮೃತ್ಯುಕೂಪಗಳಾಗುತ್ತವೆ. ಕಲ್ಲನ್ನು ತೆಗೆದವರು ಹೊಂಡವನ್ನು ಮುಚ್ಚುವುದು ಅಥವಾ ಬೇಲಿ ಕಟ್ಟುವುದು ಕಲ್ಲಿನ ಕೆಲಸದ ಕೊನೆಯ ಹಂತವೆಂದೇ ತಿಳಿಯಬೇಕು.

ಕಲ್ಲು ಮೌನವಾಗಿರುತ್ತದೆ; ಆದರೆ ತನ್ನ ಗುಣವನ್ನು ಮರೆಮಾಚುವುದಿಲ್ಲ. ಗೀರಿದರೆ ಕಾಠಿನ್ಯವನ್ನೂ, ತಟ್ಟಿದರೆ ಒಳಗಿನ ಬಿರುಕನ್ನೂ, ಗಾಳಿಗಿಟ್ಟರೆ ತನ್ನ ತಾಳಿಕೆಯನ್ನೂ ಅದು ತೋರಿಸಿಕೊಡುತ್ತದೆ. ಮುರಕಲ್ಲಿನ ಕೋರೆಯ ಕೆಲಸಗಾರ, ಕಾರ್ಕಳದ ಶಿಲ್ಪಿ, ಖಂಭಾತದ ಸಾಣೆಗಾರ, ಪೊಳಲಿಯಲ್ಲಿ ಲೇಪವನ್ನು ಹದಮಾಡುವ ಕುಶಲಿ ಇವರೆಲ್ಲ ಕಲ್ಲುಮಣ್ಣುಗಳು ತೋರಿಸಿದ ಈ ಗುಣಗಳನ್ನು ತಾಳ್ಮೆಯಿಂದ ಕಲಿತವರು. ಪುಸ್ತಕದ ವಿಜ್ಞಾನವು ಅವರ ಅನುಭವಕ್ಕೆ ಕಾರಣಗಳನ್ನು ಕೊಟ್ಟಿದೆ. ಅವರ ಉಸಿರಿಗೆ ರಕ್ಷಣೆಯನ್ನೂ ಕೊಡಬಲ್ಲುದು. ಅನುಭವವೂ ವಿಜ್ಞಾನವೂ ಕೂಡಿದಾಗ ಕಲ್ಲೂ ಬಾಳುತ್ತದೆ, ಕಲ್ಲಿಗೆ ರೂಪ ಕೊಟ್ಟ ಕೈಯೂ ಬಾಳುತ್ತದೆ.